ಗೇರಕ್ಕ ಸ್ಟ್ರೆಚರಿನಲ್ಲಿ ಮಲಗಿದ್ದು

ಗಾಡಿಯ ಚಕ್ರಗಳಿಗೆ ಲಾಕರ್ ಹಾಕಿಸಬೇಕೆಂದು ರಿಪೇರಿ ಶೆಡ್ಡಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಬಣ್ಣಬಣ್ಣದ ಒಂದು ಪುಸ್ತಿಕೆ ಇರುತ್ತದೆ. ಗೇರಕ್ಕ ಅದನ್ನು ತೆಗೆದುಕೊಂಡು, ಬಿಡಿಸಿಯೂ ನೋಡದೆ ಟೀ ಲೋಟದ ಕೆಳಗೆ ಇಡುತ್ತಾಳೆ.

"ಇದು ಆಮೇಲೆ. ಮೊದಲು ಒಂದು ದಿನ ನಿಮ್ಮ ಪಕ್ಕದ ಸೀಟಲ್ಲಿ ಕೂತ್ಕೋತೀನಿ."

ಗಾಡಿಯ ಹೊಟ್ಟೆಯಡಿ ಇಪ್ಪತ್ತಾರು ವರ್ಷ ಕಳೆದವಳು ಅವಳು. ಹೆತ್ತವರು ಇಟ್ಟ ಹೆಸರಿನಿಂದ ಅವಳನ್ನು ಈಗ ಬ್ಯಾಂಕಿನವರು ಮಾತ್ರ ಕರೆಯುತ್ತಾರೆ. ಲಾಕರ್ ಆರಿಸುವುದರಲ್ಲಿ ಅವಳ ಪದ್ಧತಿ ಕಡ್ಡಿ ಮುರಿದಂತೆ: ಓಡಿಸುವವನನ್ನು ನೋಡದೆ ಗಾಡಿಗೆ ಏನನ್ನೂ ಹಾಕುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಎರಡೆರಡು ಲಾಕರ್ ಬೇಕೆಂದು ಕುಣಿಯುತ್ತ ಬಂದ ಒಬ್ಬ ಕಂಟ್ರಾಕ್ಟರನ ಪಕ್ಕದಲ್ಲಿ ಹೀಗೆಯೇ ಇಡೀ ದಿನ ಕೂತಿದ್ದಳು. ಅಂದು ಆ ಗಾಡಿ ಡಾಂಬರು ಬಿಟ್ಟು ಇಳಿದದ್ದು ಒಂದೇ ಸಲ, ಅದೂ ನೆರಳು ಹುಡುಕಿಕೊಂಡು. ಸಂಜೆ ಇಳಿಯುವಾಗ, "ನಿಮಗೆ ಲಾಕರ್ ಬೇಡ ಸ್ವಾಮಿ, ಟೈರಿಗೆ ಗಾಳಿ ಹೊಡೆಸ್ಕೊಳ್ಳಿ, ಸಾಕು" ಎಂದಳು. ಅವನು ಮುಖ ಊದಿಸಿಕೊಂಡು ಹೋದ. ಹೋಗಲಿ, ಅವಳಿಗೇನು.

ಲಾಕರ್ ಎಂದರೇನೆಂದು ಯಾರಾದರೂ ಕೇಳಿದರೆ ಅವಳಿಗೆ ಖುಷಿಯೋ ಖುಷಿ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಕೊಡುವುದೇ ಎರಡರ ನಡುವಿನ ಡಿಫರೆನ್ಷಿಯಲ್. ಡಾಂಬರಿನ ಮೇಲೆ ಇದು ಬಲು ಒಳ್ಳೆಯದು. ಕೆಸರಿಗೆ ಬಂದರೆ ಮಾತ್ರ ಇದರ ಬುದ್ಧಿ ಕೆಡುತ್ತದೆ. ಒಂದು ಚಕ್ರ ಜಾರತೊಡಗಿತೆಂದರೆ ಇಂಜಿನ್ನಿನ ಶಕ್ತಿಯೆಲ್ಲ ಅದರ ಪಾಲಿಗೇ ಹೋಗುತ್ತದೆ. "ಮನೇಲಿ ಕೆಲಸ ಮಾಡೋನನ್ನ ಉಪವಾಸ ಕೆಡವಿ, ಸೋಮಾರಿಗೆ ಎರಡೆರಡು ಸಲ ಬಡಿಸಿದ ಹಾಗೆ" ಎನ್ನುತ್ತಾಳೆ ಗೇರಕ್ಕ. ಲಾಕರ್ ಎರಡೂ ಚಕ್ರಗಳನ್ನು ಒಂದೇ ನೊಗಕ್ಕೆ ಕಟ್ಟುತ್ತದೆ. ಅದರಲ್ಲಿ ಎರಡು ಜಾತಿ. ಒಂದು, ಯಾರನ್ನೂ ಕೇಳದೆ ತಾನೇ ಬಿಗಿದು ತಾನೇ ಸಡಿಲವಾಗುವಂಥದ್ದು. ಇನ್ನೊಂದು, ಡ್ರೈವರ್ ಸ್ವಿಚ್ ಒತ್ತಿದಾಗ ಮಾತ್ರ ಬೀಗ ಬಿದ್ದು, ಮತ್ತೆ ಒತ್ತಿದಾಗ ಬಿಡುವಂಥದ್ದು. ಯಾರಿಗೆ ಯಾವುದು ಎಂಬುದನ್ನು ಆರಿಸುವುದರಲ್ಲಿ ತಾನು ಒಮ್ಮೆಯೂ ಎಡವಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳುವ ಹಕ್ಕೂ ಅವಳಿಗಿತ್ತು.

ಹೀಗಿರುವಾಗ ಅವಳ ತಮ್ಮ ತನ್ನ ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ತಮ್ಮನೆಂದರೆ ಎಳೆಯವನಲ್ಲ. ಮೂವತ್ತೆಂಟು ವರ್ಷ, ನೆತ್ತಿ ಬೋಳಾಗಿತ್ತು. ಸಣ್ಣದೊಂದು ಆಸ್ಪತ್ರೆಯ ಜೀಪು ಓಡಿಸುತ್ತಿದ್ದ. ಪ್ರತಿ ಬುಧವಾರ ನರ್ಸನ್ನು ಕೂರಿಸಿಕೊಂಡು ಗುಡ್ಡದ ಮೇಲಿನ ಮನೆಗಳಿಗೆ ಹೋಗುವುದು, ಅಲ್ಲಿಂದ ಸೊಂಟದ ಆಪರೇಷನ್ ಆದ ಒಬ್ಬ ಅಜ್ಜಿಯನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಕೆಳಗೆ ಕರೆತರುವುದು ಅವನ ಕೆಲಸ. ಮೇಲಿನ ಮೂರು ಮೈಲಿ ಮಣ್ಣುದಾರಿ, ಕೆಳಗಿನದು ತಿರುವು ತಿರುವಾದ ಡಾಂಬರು. ಎರಡು ಬುಧವಾರ ಜೀಪು ಕೆಸರಿನಲ್ಲಿ ಹೂತುಕೊಂಡು ಅರ್ಧದಾರಿಯಿಂದಲೇ ಹಿಂದಿರುಗಿತ್ತು.

"ಇನ್ನೊಂದು ಸಲ ಹೀಗಾದ್ರೆ ಮೇಲಿನ ರೂಟನ್ನೇ ನಿಲ್ಲಿಸ್ತಾರಂತೆ ಅಕ್ಕ" ಎಂದ. "ನನ್ನನ್ನ ಸ್ಟೋರ್ ರೂಮಿಗೆ ಹಾಕ್ತಾರೆ. ಅದು ಹಾಳಾಗ್ಲಿ, ಆ ಅಜ್ಜಿ ನಡೆದು ಇಳಿಯೋಕಾಗುತ್ತಾ? ಸ್ವಿಚ್ಚಿಂದು ಹಾಕ್ಕೊಡು."

"ಸ್ವಿಚ್ಚು ನಿಂಗಾ? ಮಾತಾಡ್ತಾ ಮಾತಾಡ್ತಾ ಎಲ್ಲೋ ಕಳೆದುಹೋಗ್ತೀಯ. ಯಾವಾಗ ಒತ್ಬೇಕು, ಯಾವಾಗ ಬಿಡ್ಬೇಕು, ನೆನಪಿರುತ್ತೇನೋ? ತಾನೇ ಬಿಗಿಯೋದು ಹಾಕ್ತೀನಿ, ಸುಮ್ನಿರು."

"ಒಂದು ದಿನ ನನ್ನ ಪಕ್ಕ ಕೂತು ನೋಡು."

"ನಿಂಗೆ ಸ್ಟಿಯರಿಂಗ್ ಹಿಡಿಯೋದು ಕಲಿಸಿದ್ದೇ ನಾನು. ನಿನ್ನ ಪಕ್ಕ ಇನ್ನೇನು ಕೂರೋದು?"

ತಮ್ಮ ಗಾಡಿಯ ಕೀಲಿ ಅವಳ ಕೈಗಿಟ್ಟ. ಅವ್ವ ತೀರಿಕೊಂಡಾಗ ಅವನಿಗೆ ಒಂಬತ್ತು, ಅವಳಿಗೆ ಇಪ್ಪತ್ತೊಂದು. ಅವಳ ಕಣ್ಣಿಗೆ ಅವನು ಆ ಒಂಬತ್ತನ್ನು ದಾಟಿರಲೇ ಇಲ್ಲ. ಊರಿನವರಿಗೆಲ್ಲ ಪಾಲಿಸಿದ ನಿಯಮವನ್ನು ಗೇರಕ್ಕ ಮನೆಯವನಿಗೆ ಮುರಿದಳು, ಮುರಿದದ್ದು ಅವಳ ಗಮನಕ್ಕೂ ಬರಲಿಲ್ಲ.

ಬುಧವಾರ ಜೀಪು ಕೆಸರನ್ನು ಸೀಳಿಕೊಂಡು ಗುಡ್ಡ ಹತ್ತಿತು. ಮಧ್ಯಾಹ್ನ ತಮ್ಮ ಫೋನ್ ಮಾಡಿ, "ಹತ್ತಿದ್ವಿ ಅಕ್ಕ" ಎಂದಷ್ಟೇ ಹೇಳಿದ. ಗೇರಕ್ಕ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಪಕ್ಕದ ಟೈರ್ ಅಂಗಡಿಯವನಿಗೂ ಎರಡು ಸಲ ಹೇಳಿಬಂದಳು.

ಶುಕ್ರವಾರ ಶೆಡ್ಡಿಗೆ ನರ್ಸ್ ಬಂದಳು. ಗಟ್ಟಿ ಹೆಂಗಸು. ಕೊಟ್ಟ ಸ್ಟೂಲಿನ ಮೇಲೂ ಕೂರಲಿಲ್ಲ.

"ನಿಮ್ಮ ತಮ್ಮ ಹೇಳಲ್ಲ, ನಾನು ಹೇಳ್ತೀನಿ. ಹತ್ತೋವಾಗ ಗಾಡಿ ಚಿನ್ನ. ಇಳಿಯೋವಾಗ ಡಾಂಬರು ಒದ್ದೆಯಾಗಿತ್ತು. ಒಂದೊಂದು ತಿರುವಲ್ಲೂ ಹಿಂದೆ ಢಣ್ ಅಂತ ಒದೆಯುತ್ತೆ. ನಾಲ್ಕನೇ ತಿರುವಲ್ಲಿ ಬಾಲನೇ ಜಾರ್ತು. ಅವರು ಹೇಗೋ ಹಿಡಿದು ನಿಲ್ಲಿಸಿದ್ರು. ಅಜ್ಜಿ ಕಿರುಚಿಕೊಂಡ್ರು. ನಾನಂತೂ ಆ ಗಾಡೀಲಿ ಇನ್ನು ಇಳಿಯಲ್ಲ. ನಾನು ಹೋಗದಿದ್ರೆ ರೂಟೂ ಇಲ್ಲ."

ಗೇರಕ್ಕ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟಳು. ಬಾಯಿ ಮಾತ್ರ ಸೋಲಲಿಲ್ಲ. "ನಾಳೆ ಅವನ ಪಕ್ಕ ಕೂತು ನೋಡ್ತೀನಿ."

"ಪಕ್ಕದ ಸೀಟಲ್ಲಿ ಕೂತೋರಿಗೆ ಅದು ಅರ್ಧವೂ ಗೊತ್ತಾಗಲ್ಲ. ಬರೋವಾಗ ಹಿಂದೆ ಮಲ್ಕೊಂಡು ಬನ್ನಿ."

ಶನಿವಾರ ಸಣ್ಣಗೆ ಮಳೆ ಹನಿಯುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಗೇರಕ್ಕ ತಮ್ಮನ ಪಕ್ಕ ಕೂತಳು. ಮಣ್ಣುದಾರಿ ಸುರುವಾಗುವಲ್ಲಿ ಅವನು ಗಾಡಿ ನಿಲ್ಲಿಸಿದ. ಇಳಿದು, ಕೆಸರಿನಲ್ಲಿ ಹಿಡಿತ ಸಿಗಲೆಂದು ಟೈರಿನ ಗಾಳಿ ಸ್ವಲ್ಪ ಇಳಿಸಿ, ಮುಂದೆ ನಡೆದುಹೋದ. ಎಲ್ಲಿ ನೆಲ ಗಟ್ಟಿ, ಎಲ್ಲಿ ನೀರು ನಿಂತಿದೆ, ಯಾವ ಕಲ್ಲಿನ ಮೇಲೆ ಯಾವ ಚಕ್ರ ಹೋಗಬೇಕು, ಎಲ್ಲವನ್ನೂ ಕಾಲಿನಿಂದ ಒತ್ತಿ ಒತ್ತಿ ನೋಡಿ ಬಂದ. ಹತ್ತುವಾಗ ಒಂದು ಮಾತಿಲ್ಲ. ಒಂದು ಕಡೆ ಹಿಂದಿನ ಚಕ್ರ ಗಾಳಿಯಲ್ಲಿ ತೇಲುವ ಮೊದಲೇ, "ಈಗ ಎಡಗಡೆದು ಎದ್ದೇಳುತ್ತೆ" ಎಂದ. ಎದ್ದಿತು. ಅವನು ಕಳೆದುಹೋಗುತ್ತಾನೆಂದು ತಾನು ತಿಳಿದಿದ್ದು ಇದನ್ನೇ ಎಂದು ಗೇರಕ್ಕನಿಗೆ ಹೊಳೆಯಿತು. ಮಾತಿನ ನಡುವೆ ಅವನ ಮನಸ್ಸು ಎಲ್ಲೋ ಅಲೆಯಲು ಹೋಗುತ್ತಿರಲಿಲ್ಲ, ಮುಂದಿನ ತಿರುವಿಗೆ ಹೋಗಿರುತ್ತಿತ್ತು.

ಇಳಿಯುವಾಗ ಅವಳು ಸ್ಟ್ರೆಚರಿನಲ್ಲಿ ಮಲಗಿ ಪಟ್ಟಿ ಬಿಗಿದುಕೊಂಡಳು. ತಮ್ಮ ಹಿಂದಿರುಗಿ ನೋಡಿ ನಗು ತಡೆದುಕೊಂಡ.

"ಹಲ್ಲು ಕಿರೀಬೇಡ, ಓಡ್ಸು."

ಮೊದಲ ತಿರುವಿನಲ್ಲೇ ನಗು ನಿಂತಿತು. ಮಲಗಿದವಳಿಗೆ ರಸ್ತೆ ಕಾಣುವುದಿಲ್ಲ. ತಿರುವು ಯಾವಾಗ ಬರುತ್ತದೆಂದು ತಿಳಿಯುವುದಿಲ್ಲ. ಅವನು ಆಕ್ಸಿಲರೇಟರ್ ಬಿಟ್ಟು ಮತ್ತೆ ಮೆಲ್ಲಗೆ ಒತ್ತಿದರೂ ಸಾಕು, ಬೆನ್ನಿನ ಕೆಳಗೆ ಢಣ್ ಎಂದು ಬೀಗ ಬಿಗಿಯುತ್ತದೆ, ಸೊಂಟಕ್ಕೆ ಒದೆ ಬೀಳುತ್ತದೆ, ಗಾಡಿಯ ಹಿಂಭಾಗ ಒಂದು ಗೇಣು ಆಚೆಗೆ ಜರುಗಿಹೋಗುತ್ತದೆ. ಗೇರಕ್ಕನ ಸೊಂಟ ಗಟ್ಟಿಮುಟ್ಟಾಗಿತ್ತು. ಆದರೂ ಆರನೇ ತಿರುವಿನ ಹೊತ್ತಿಗೆ ಸ್ಟ್ರೆಚರಿನ ಕಂಬಿಯನ್ನು ಹಿಡಿದ ಬೆರಳು ಬಿಳಿಚಿಕೊಂಡವು. ಆ ಅಜ್ಜಿಯ ಮುಖ ಅವಳು ನೋಡಿರಲಿಲ್ಲ. ನೋಡದಿದ್ದರೂ ನಾಚಿಕೆಯಾಯಿತು.

ಶೆಡ್ಡಿಗೆ ಬಂದು ಇಳಿದಾಗ, "ಇದನ್ನ ಬುಧವಾರವೇ ಯಾಕೋ ಹೇಳಲಿಲ್ಲ?" ಎಂದು ರೇಗಿದಳು.

"ನೀನು ಹಾಕಿದ್ದು ಅಂತ…" ಎಂದ ತಮ್ಮ.

ಅವಳು ಕೈ ಒರೆಸುವ ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು. ಆಮೇಲೆ, "ತಪ್ಪು ನಂದು ಕಣೋ. ಹೊರಗಿನೋನಾಗಿದ್ರೆ ಈ ಗಾಡಿಗೆ ಇದನ್ನ ಹಾಕ್ತಾನೇ ಇರಲಿಲ್ಲ" ಎಂದಳು. ತಪ್ಪು ತನ್ನದೆಂದು ಅವಳು ಅದುವರೆಗೆ ಯಾರೆದುರೂ ಒಪ್ಪಿಕೊಂಡದ್ದಿಲ್ಲ. ಟೈರ್ ಅಂಗಡಿಯವನು ಆ ಹೊತ್ತಿಗೆ ಅಲ್ಲಿರಲಿಲ್ಲ, ಅದೊಂದು ಅದೃಷ್ಟ.

ಭಾನುವಾರ, ಸೋಮವಾರ ಅವಳು ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಹಿಂದಿನ ಆಕ್ಸಲ್ ಬಿಚ್ಚಿ, ಹಾಕಿದ್ದನ್ನು ಹೊರತೆಗೆದು, ಸ್ವಿಚ್ಚಿನ ಲಾಕರ್ ಕೂರಿಸಿದಳು. ಗೇರುಗಳ ಹಲ್ಲಿಗೆ ಹಲ್ಲು ಕೂರುವ ಸಂದನ್ನು ಮೂರು ಸಲ ಅಳೆದಳು. ಮುಂದಕ್ಕೂ ಒಂದು ಹಾಕಲೇ ಎಂದು ಕೇಳಲು ಹೋಗಿ, ಬೇಡ, ಸ್ಟಿಯರಿಂಗ್ ಭಾರವಾಗುತ್ತದೆ ಎಂದು ತಾನೇ ಉತ್ತರ ಹೇಳಿಕೊಂಡಳು. ಸ್ವಿಚ್ ಎಲ್ಲಿರಬೇಕೆಂದು ತಮ್ಮನನ್ನೇ ಕೇಳಿದಳು. ಅವನು ಕಣ್ಣು ಮುಚ್ಚಿ ಕೈ ಚಾಚಿದ. ಅವನ ಬೆರಳು ಮುಟ್ಟಿದ ಜಾಗದಲ್ಲೇ ತೂತು ಕೊರೆದಳು.

"ಚಕ್ರ ಗಿರಗಿರ ತಿರುಗೋವಾಗ ಒತ್ಬೇಡ" ಎಂದು ಸುರುಮಾಡಿದಳು.

"ನಿಂತ್ಮೇಲೆ ಒತ್ಬೇಕು. ಇಲ್ಲಾ, ಜಾರೋಕೆ ಮುಂಚೇನೇ ಒತ್ಬೇಕು. ಡಾಂಬರಿಗೆ ಬರೋ ಮೊದಲು ಬಿಡಬೇಕು" ಎಂದು ಅವನು ಮುಗಿಸಿದ.

ಬುಧವಾರ ಮುಂದಿನ ಸೀಟು ನರ್ಸಿನದು, ಹಿಂದಿನದು ಅಜ್ಜಿಯದು. ಗೇರಕ್ಕನಿಗೆ ಜಾಗವಿರಲಿಲ್ಲ. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಒಂದು ಗಿರಾಕಿಯ ಗೇರ್‌ಬಾಕ್ಸ್ ಬಿಚ್ಚಿ, ಬಿಚ್ಚಿದ್ದನ್ನು ಹಾಗೆಯೇ ಮುಂದಿಟ್ಟುಕೊಂಡು ಕೂತಳು. ಫೋನ್ ಬರಲಿಲ್ಲ. ಎರಡು ಸಲ ತಮ್ಮನ ನಂಬರ್ ಒತ್ತಿ, ರಿಂಗ್ ಆಗುವ ಮುಂಚೆ ಕಟ್ ಮಾಡಿದಳು. ಆ ಗಳಿಗೆಯಲ್ಲಿ ಅವನ ಕೈ ಸ್ವಿಚ್ಚಿನ ಮೇಲಿದ್ದರೆ?

ಮೂರು ಗಂಟೆಗೆ ಜೀಪು ಶೆಡ್ಡಿನ ಮುಂದೆ ನಿಂತಿತು. ಬಾಗಿಲವರೆಗೂ ಕೆಸರು. ಗೇರಕ್ಕ ಒದ್ದೆಯಲ್ಲೇ ಓಡಿ, "ಹತ್ತಿದ್ರಾ? ಜಾರ್ತಾ? ಎಷ್ಟು ಸಲ ಒತ್ತಿದೆ?" ಎಂದು ಕೂಗುತ್ತ ಹಿಂದಿನ ಬಾಗಿಲಿನ ಹಿಡಿಕೆಗೆ ಕೈ ಹಾಕಿದಳು.

ತಮ್ಮ ಕಿಟಕಿಯಿಂದ ತಲೆ ಹೊರಹಾಕಿ ತುಟಿಯ ಮೇಲೆ ಬೆರಳಿಟ್ಟ. "ಮೆಲ್ಲಗೆ ಅಕ್ಕ. ನಿದ್ದೆ ಮಾಡ್ತಿದ್ದಾರೆ."

ಗಾಜಿನೊಳಗೆ ಇಣುಕಿದಳು. ಅಜ್ಜಿಯ ಬಾಯಿ ಅರೆತೆರೆದಿತ್ತು. ಒಂದು ಕೈ ಸ್ಟ್ರೆಚರಿನಾಚೆ ಸಡಿಲವಾಗಿ ಇಳಿಬಿದ್ದಿತ್ತು.

"ಎರಡನೇ ತಿರುವಿಗೇ ನಿದ್ದೆ ಹೋದ್ರು" ಎಂದಳು ನರ್ಸ್, ಪಿಸುದನಿಯಲ್ಲಿ. "ಮುಂದಿನ ಬುಧವಾರ ಹೋಗೋ ಮನೆಗಳ ಲಿಸ್ಟೂ ಬರೆದಾಯ್ತು."

ಗೇರಕ್ಕನ ಕಣ್ಣು ತುಂಬಿತು, ಅವಳು ಒರೆಸಿಕೊಳ್ಳಲೂ ಹೋಗಲಿಲ್ಲ. ಹಿಡಿಕೆಯಿಂದ ಕೈ ತೆಗೆದಳು. ತಮ್ಮ ಗೇರ್ ಹಾಕಿದಾಗ, ನಿಧಾನಕ್ಕೆ ಹೋಗೋ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, "ಹೋಗ್ಬಾ" ಎಂದಷ್ಟೇ ಹೇಳಿದಳು.