ತಿಂಗಳು ಕೇಳುತ್ತಿದ್ದ ಡಾಕ್ಟರು

ಅವರ ಬಲಗೈ ಎಡಗೈಗಿಂತ ಬಿಳಿಚಿಕೊಂಡಿತ್ತು. ದಿನವಿಡೀ ಸೋಪು, ಔಷಧದ ನೀರು ತಾಗಿ ಮೊಣಕೈವರೆಗೆ ಚರ್ಮ ಸುಲಿದಿರುತ್ತಿತ್ತು. ಆ ಕೈಯಲ್ಲಿ ನಾನು ಬಳೆ ಕಂಡದ್ದೇ ಇಲ್ಲ. ಕಾಣಿಯೂರಿನ ಆಸುಪಾಸಿನ ದನದ ಹಟ್ಟಿಗಳಿಗೆಲ್ಲ ಸ್ಕೂಟರಿನಲ್ಲಿ ಬರುತ್ತಿದ್ದ ನಮ್ಮ ದನದ ಡಾಕ್ಟರು ಅವರು. ಬಾಯಿ ಬಹಳ ಜೋರು. ಮೊದಲ ಸಲ ನಮ್ಮ ಹಟ್ಟಿಗೆ ಬಂದಾಗಲೇ ನನಗೆ ಬೈದಿದ್ದರು.

"ಎಷ್ಟು ತಿಂಗಳು?" ಗಬ್ಬದ ದನವೆಂದರೆ ಅಂಗಳಕ್ಕೆ ಕಾಲಿಡುವಾಗಲೇ ಈ ಪ್ರಶ್ನೆ. "ಸರಿಯಾಗಿ ಹೇಳಿ ಮಾರಾಯ್ರೆ. ನಿಮ್ಮ ಮಾತು ನಂಬಿ ನನ್ನ ಕೈ ಒಳಗೆ ಹೋಗುದು."

ತಿಂಗಳು ತುಂಬುವ ಮೊದಲೇ ದನ ಕಂದು ಹಾಕಿತೆಂದರೆ ಅವರ ಮುಖ ಬಿಗಿಯುತ್ತಿತ್ತು. ಹಾಗೆ ಕಂದು ಹಾಕಿಸುವ, ಮನುಷ್ಯರಿಗೂ ಅಂಟುವ ರೋಗದ ಬ್ಯಾಕ್ಟೀರಿಯಾದ ಮೇಲೆ ಅವರಿಗೆ ಹಗೆಯೇ ಇತ್ತು. "ಗರ್ಭದ ಚೀಲದಲ್ಲಿ ಅದಕ್ಕೆ ಬೇಕಾದ ಒಂದು ಸಿಹಿ ಉಂಟು, ಅದಕ್ಕೇ ಅಲ್ಲಿ ಹೋಗಿ ಕೂರುದು. ಮೈಯಲ್ಲಿ ರೋಗಾಣು ತಿನ್ನುವ ಕಾವಲಿನ ಕಣಗಳು ಉಂಟಲ್ಲ, ಅವುಗಳ ಹೊಟ್ಟೆಯಲ್ಲೇ ಬಿಡಾರ ಮಾಡ್ತದೆ. ಕರು ಬಿದ್ದ ಮೇಲೆ ದನ ಏನೂ ಆಗದ ಹಾಗೆ ಹುಲ್ಲು ತಿಂತಾ ಇರ್ತದೆ. ಮೋಸ ಅಂದ್ರೆ ಅದು."

ಕರುವಿನ ಹಿಂದೆ ಬೀಳುವ ಮಾಸನ್ನು ನಮ್ಮಲ್ಲಿ ಬೈಹುಲ್ಲಿನಲ್ಲಿ ಸುತ್ತಿ ಹಲಸಿನ ಮರಕ್ಕೆ ಕಟ್ಟುತ್ತಾರೆ. ಹಾಲಿರುವ ಮರ, ದನಕ್ಕೂ ಹಾಲು ಹೆಚ್ಚುತ್ತದಂತೆ. ಆ ಕಟ್ಟು ಕಂಡರೆ ಡಾಕ್ಟರಿಗೆ ಮೈ ಉರಿಯುತ್ತಿತ್ತು. "ನೆರಳು, ತೇವ ಸಿಕ್ಕಿದರೆ ಆ ರೋಗಾಣು ತಿಂಗಳುಗಟ್ಟಲೆ ಸಾಯುದಿಲ್ಲ. ಕಾಗೆ ಎಳೆದು ಊರಿಗೆಲ್ಲ ಹಂಚ್ತದೆ. ಸುಣ್ಣ ಹಾಕಿ ಹೂಳಿ!" ಒಮ್ಮೆ ನನ್ನ ಗಂಡನನ್ನೇ ಮರ ಹತ್ತಿಸಿ ಕಟ್ಟು ಇಳಿಸಿದ್ದರು.

ಒಂದು ಬೆಳಿಗ್ಗೆ ಮೇಲಿನ ಮನೆಯ ಯಜಮಾನರು ದನಕ್ಕೆ ಮಾಸು ಬೀಳಲಿಲ್ಲವೆಂದು ಅವರನ್ನು ಕರೆಸಿದರು. ಬಾಲ ಹಿಡಿಯಲು ನಾನು ಹೋಗಿದ್ದೆ.

"ಎಷ್ಟು ತಿಂಗಳು?"

"ದಿನ ತುಂಬಿದೆ ಡಾಕ್ಟ್ರೆ. ಕರು ಸತ್ತೇ ಹುಟ್ಟಿತು. ಹೂತಾಯ್ತು."

ದನದ ಆಸ್ಪತ್ರೆಗೆ ಉದ್ದ ಕೈಗವಸು ಬಾರದೆ ಬಹಳ ಸಮಯವಾಗಿತ್ತು. ಕಳಿಸಬೇಕಾದವರಿಗೆ ಅದೊಂದು ದೊಡ್ಡ ವಿಷಯವೇ ಅಲ್ಲ. ಉಳಿದಿದ್ದ ಒಂದೇ ಜೊತೆಯನ್ನು ಕಂದು ಹಾಕಿದ ದನಗಳಿಗೆಂದು ಡಾಕ್ಟರು ತೆಗೆದಿಟ್ಟಿದ್ದರು. ಇದು ದಿನ ತುಂಬಿದ್ದಲ್ಲವೇ ಎಂದು ಬರಿಗೈ ಹಾಕಿ ಮಾಸು ಬಿಡಿಸಿದರು. ಕೈ ತೊಳೆಯುತ್ತಿರುವಾಗ ಗೊಬ್ಬರದ ಗುಂಡಿಯಿಂದ ನಾಯಿ ಕರುವನ್ನು ಎಳೆದು ತಂದಿತು. ಅದರ ಮೈಮೇಲೆ ಸರಿಯಾಗಿ ರೋಮವೂ ಮೂಡಿರಲಿಲ್ಲ.

"ಎಷ್ಟು ತಿಂಗಳು? ಈಗ ಹೇಳಿ!"

"ಒಂದು ದನದ ವಿಷಯಕ್ಕೆ ಎಂತ ಬೊಬ್ಬೆ ನಿಮ್ಮದು?" ಎಂದರು ಯಜಮಾನರು.

ಆ ದನವನ್ನು ನೆಲ್ಯಾಡಿಯವರೊಬ್ಬರಿಗೆ ಮಾರುವ ಮಾತಾಗಿತ್ತು. ಕಂದು ಹಾಕಿದ್ದು ತಿಳಿದರೆ ಅವರು ಕೊಳ್ಳುತ್ತಿರಲಿಲ್ಲ. ಅಷ್ಟಕ್ಕಾಗಿ ಆ ಸುಳ್ಳು! ಡಾಕ್ಟರು ದನದ ರಕ್ತ ಪರೀಕ್ಷೆಗೆ ಕಳಿಸಿ, ತಾವೇ ನೆಲ್ಯಾಡಿಗೆ ಹೋಗಿ ಆ ಮಾರಾಟ ತಪ್ಪಿಸಿದರು. ಪರೀಕ್ಷೆಯಲ್ಲಿ ಅದೇ ರೋಗವೆಂದು ಬಂತು. ಆದರೂ ಮಾರಾಟ ಕೆಡಿಸಿದರೆಂದು ಊರು ಬೈದದ್ದು ಡಾಕ್ಟರನ್ನೇ.

ಕೆಲವು ವಾರಗಳಲ್ಲಿ ಅವರಿಗೆ ಜ್ವರ ಹಿಡಿಯಿತು. ಸಂಜೆ ಏರುವುದು, ಬೆಳಿಗ್ಗೆ ಇಳಿಯುವುದು, ಹಾಸಿಗೆ ಒದ್ದೆಯಾಗುವಷ್ಟು ಬೆವರು. ಔಷಧಿ ನಡೆಯುತ್ತಿದ್ದಾಗಲೇ ದನದ ಅದೇ ರೋಗ ಹೃದಯದ ಕವಾಟಕ್ಕೆ ಹೋಗಿ ಕೂತಿತು. ಮಂಗಳೂರಿನ ಆಸ್ಪತ್ರೆಗೆ ನೋಡಲು ಹೋದಾಗಲೂ ನನ್ನನ್ನೇ ವಿಚಾರಿಸಿದರು: "ಹಾಲು ಕಾಯಿಸಿಯೇ ಕುಡಿಯುದಲ್ಲ?" ಹೌದು ಎಂದೆ. ಮತ್ತೆ ಅವರನ್ನು ಕಾಣಲಿಲ್ಲ.

ಹಾಲಿನ ಸೊಸೈಟಿಯಲ್ಲಿ ಸಂತಾಪ ಸಭೆ ಇಟ್ಟರು. ಮಾತಾಡಲು ಎದ್ದವರು ಮೇಲಿನ ಮನೆಯ ಯಜಮಾನರೇ. "ಎಂತದೋ ಜ್ವರ ಬಂತು, ಹೋದರು. ಅವರ ಆಯುಸ್ಸು ಅಷ್ಟೇ ಇದ್ದದ್ದು."

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಎಷ್ಟು ತಿಂಗಳು?" ಎಂದು ಕೇಳಿದೆ. "ನಿಮ್ಮ ದನಕ್ಕೆ ಅಂದು ಎಷ್ಟು ತಿಂಗಳು? ಇಲ್ಲಿ ಹೇಳಿ."

ಯಾರೋ ಹಿಂದಿನಿಂದ ನನ್ನ ಸೆರಗು ಎಳೆದರು. ನಾನು ಕೂರಲಿಲ್ಲ. ಯಜಮಾನರು ನನ್ನ ಕಡೆ ನೋಡಲಿಲ್ಲ, ಡಾಕ್ಟರ ಫೋಟೋ ಕಡೆಯೂ ನೋಡಲಿಲ್ಲ.

"ಏಳು ತಿಂಗಳು," ಎಂದರು ಕೊನೆಗೆ.

ಇದನ್ನು ಅಂದು ಹಟ್ಟಿಯಲ್ಲೇ ಹೇಳಿದ್ದರೆ ಡಾಕ್ಟರು ಆ ಕೈಗವಸು ಹಾಕಿಕೊಳ್ಳುತ್ತಿದ್ದರು.