ತಿಪ್ಪೇಸ್ವಾಮಿಯ ಪುದೀನಾ ಗ್ಲಾಸು

ಬೇಸಿಗೆ ಬಂತೆಂದರೆ ಐತವಾರ ಸಂಜೆ ನಮ್ಮ ಕಾಲು ತಾವಾಗಿಯೇ ತಿಪ್ಪೇಸ್ವಾಮಿಯ ಮಾಳಿಗೆ ಹತ್ತುತ್ತಿದ್ದವು. ಬಳ್ಳಾರಿ ಕಡೆಯವನು, ಬಾಲಾನಗರದ ಕಾರ್ಖಾನೆಯಲ್ಲಿ ನನ್ನ ಜೊತೆಗೇ ಲೇಥ್ ಓಡಿಸುತ್ತಾನೆ. ಮಾಳಿಗೆ ಮೇಲೆ ಒಡೆದ ಬಕೆಟ್ಟು, ಪೇಂಟ್ ಡಬ್ಬಿಗಳಲ್ಲಿ ಪುದೀನಾ, ಕಾಮಕಸ್ತೂರಿ, ಮಜ್ಜಿಗೆಹುಲ್ಲು ಬೆಳೆಸಿದ್ದ. ಬಿಸಿಲು ಇಳಿದ ಮೇಲೆ ಎಲೆ ಕಿತ್ತು, ಅಂಗೈಯಲ್ಲಿ ತಟ್ಟಿ ಜಗ್ಗಿಗೆ ಹಾಕುವನು. ಅರೆದರೆ ಕಹಿ ಬಿಡುತ್ತದೆ, ತಟ್ಟಿದರೆ ಘಮ ಬಿಡುತ್ತದೆ ಎಂಬುದು ಅವನ ವಾದ. ಮೇಲೆ ನಿಂಬೆರಸ, ಕಾಲಾ ನಮಕ್ ಅನ್ನುವ ಕರಿ ಉಪ್ಪು, ಅಳತೆಯ ಜಿನ್ನು, ಐಸು, ಕೊನೆಗೆ ಸೋಡಾ. ಒಂದು ಹನಿ ನೆಕ್ಕಿ ನೋಡಿ, ತಲೆ ಆಡಿಸಿದ ಮೇಲೆಯೇ ಗ್ಲಾಸು ನಮ್ಮ ಕೈಗೆ.

ಊರ ತುಂಬ ಬಾರುಗಳಿವೆ. ಬಣ್ಣದ ನೀರಿಗೆ ಒಂದು ಎಲೆ ಸಿಗಿಸಿ ಕೊಡುತ್ತಾರೆ, ಹಾಳಾಗಿ ಹೋಗಲಿ. ತಿಪ್ಪೇಸ್ವಾಮಿಯ ಗ್ಲಾಸು ಕುಡಿದರೆ ಮೈಯೆಲ್ಲ ತಂಪು. ಆದರೂ ನಾನು ಹೊಗಳಿದವನಲ್ಲ. ನಿಂಬೆ ಹೆಚ್ಚಾತು, ಐಸು ಕಡಿಮಿ ಆತು ಅಂತ ಜಗಳ ತೆಗೆಯುತ್ತಿದ್ದೆ.

"ಬಾಯಿ ಮುಚ್ಚಿ ಕುಡಿಯೋ ಮಾರಾಯ."

"ಬಾಯಿ ಮುಚ್ಚಿ ಹೆಂಗ ಕುಡೀಲಿ?"

ಹೋದ ದೀಪಾವಳಿ ಹೊತ್ತಿಗೆ ಅವನ ನಾಲಗೆ ಕೆಳಗೆ ಗಂಟು ಬಂತು. ಆಸ್ಪತ್ರೆಯಲ್ಲಿ ಕೊಯ್ದು ತೆಗೆದು, ಆಮೇಲೆ ಬಾಯಿಗೆ ಕರೆಂಟು, ಅಂದರೆ ರೇಡಿಯೇಶನ್ನು, ಕೊಟ್ಟರು. ಗಂಟು ಹೋಯಿತು, ಜೊತೆಗೆ ರುಚಿಯೂ ಹೋಯಿತು. ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರಂತೆ ಡಾಕ್ಟರು. ಯುಗಾದಿ ದಿನ ಬೇವು ಬಾಯಿಗೆ ಹಾಕಿಕೊಂಡವನೇ ಮುಖ ಕಿವುಚಿ, "ಬಂತು ನೀಲಾ, ಕಹಿ ಗೊತ್ತಾತು" ಅಂದ. ಅವನ ಹೆಂಡತಿ ನೀಲಾ ಓಣಿಗೆಲ್ಲ ಸಕ್ಕರೆ ಹಂಚಿದಳು. ತಿಪ್ಪೇಸ್ವಾಮಿ ತಾನು ಕುಡಿಯುವಂತಿರಲಿಲ್ಲ, ಬಾಯಿ ಉರಿಯುತ್ತಿತ್ತು. ಆದರೂ ಮುಂದಿನ ಐತವಾರ ನಮ್ಮನ್ನು ಕರೆದ.

ನಾನೂ ಕಾರ್ಖಾನೆಯ ಇನ್ನೊಬ್ಬ ಗೆಳೆಯ ವಿನಾಯಕನೂ ಮೆಟ್ಟಿಲು ಹತ್ತುವಾಗ ನೀಲಾ ತಡೆದಳು.

"ಅಣ್ಣಾರ, ನಿನ್ನೆ ಸಾರಿಗೆ ಉಪ್ಪು ಹಾಕೋದು ಮರತಿದ್ದೆ. ಭಾಳ ಛಲೋ ಆಗೇತಿ ಅಂತ ಮತ್ತ ಹಾಕಿಸ್ಕೊಂಡು ಉಂಡ್ರು. ರುಚಿ ಬಂದಿಲ್ರಿ ಅವರಿಗೆ. ಹೆಂಗರ ಇರಲಿ, ಕುಡದು ಛಲೋ ಐತಿ ಅನ್ರಿ. ಇದೊಂದರಾಗ ಜೀವ ಇಟ್ಕೊಂಡಾರ."

ಮೇಲೆ ಘಮವೆಲ್ಲ ಮೊದಲಿನಂತೆಯೇ ಇತ್ತು. ಬಾಯಿಗಿಟ್ಟರೆ ಉಪ್ಪಿನಕಾಯಿ ಭರಣಿ ತೊಳೆದ ನೀರು.

"ಮಸ್ತ್ ಆಗೇತ್ರಿ ಸ್ವಾಮಿ" ಅಂದ ವಿನಾಯಕ, ಕೆಮ್ಮುತ್ತ. ನಾನು ಒಂದೇ ಉಸಿರಿಗೆ ಇಳಿಸಿದೆ. ತಿಪ್ಪೇಸ್ವಾಮಿ ನನ್ನ ಕಡೆ ನೋಡಿದ.

"ನಿಂಬಿ?"

"ಸರಿ ಐತಿ."

"ಐಸು?"

"ಸರಿ ಐತಪಾ."

ಅವನ ಮುಖದ ನಗು ಆರಿತು. "ಇಷ್ಟು ವರ್ಷದಾಗ ನೀ ಒಮ್ಮಿನೂ ಸರಿ ಐತಿ ಅಂದವನಲ್ಲ. ಏನಾಗೇತಿ ಹೇಳು."

ಸಿಟ್ಟು ಬಂತು ನನಗೆ, ಯಾರ ಮೇಲೆ ಅಂತ ತಿಳಿಯಲಿಲ್ಲ. "ಉಪ್ಪು ಸುರದೀಯೋ" ಅಂದುಬಿಟ್ಟೆ.

ಜಗ್ಗು ಎತ್ತಿಕೊಂಡು ಪುದೀನಾ ಬಕೆಟ್ಟಿಗೆ ಸುರಿಯಲು ಹೋದ. ಉಪ್ಪಿಗೆ ಗಿಡ ಸಾಯುತ್ತದೆ ಅನ್ನಿಸಿತೋ ಏನೋ, ಕೈ ಹಿಂದೆ ತೆಗೆದು ಮೋರಿಗೆ ಸುರಿದ. ನೀಲಾ ಬಾಗಿಲಲ್ಲಿ ನಿಂತಿದ್ದಳು.

"ಯುಗಾದಿ ದಿನಾನೂ ಏನೂ ಗೊತ್ತಾಗಲಿಲ್ಲ ನನಗ" ಅಂದ ಅವಳಿಗೆ. "ನೀ ನನ್ನ ಬಾಯೇ ನೋಡಾಕತ್ತಿದ್ದಿ. ಅದಕ್ಕ ಹಂಗಂದೆ."

"ಇರಲಿ ಬಿಡ್ರಿ" ಅಂದಳು ಅವಳು.

ನಾವಿಬ್ಬರೂ ಚಪ್ಪಲಿ ಮೆಟ್ಟಿಕೊಂಡು ಇಳಿದೆವು.

ಆಮೇಲೆ ಅವನು ಆ ಜಗ್ಗು ಮುಟ್ಟಿಲ್ಲ. ಕೆಲಸಕ್ಕೆ ಬರುತ್ತಾನೆ, ಮಾತಾಡುತ್ತಾನೆ. ಐತವಾರದ ಸುದ್ದಿ ನಾವೂ ಎತ್ತುವುದಿಲ್ಲ. ಹೆಂಗಾಗೇತ್ರಿ ಅಡಿಗಿ ಅಂತ ನೀಲಾ ಈಗ ಕೇಳುವುದಿಲ್ಲವಂತೆ. ಛಲೋ ಆಗೇತಿ ಅಂತ ಅವನೂ ಅನ್ನುವುದಿಲ್ಲ. ಇಬ್ಬರೂ ಎದುರುಬದುರು ಕೂತು ಉಂಡು ಏಳುತ್ತಾರಂತೆ.