ಫ್ಯಾನ್ ಹಾಕಬೇಡಿ, ಲಿವರ್ ಹಾರುತ್ತೆ

ಬೆಳಕು ಹರಿಯುವ ಹೊತ್ತು. ಪ್ರಯೋಗಾಲಯದ ಮೂಲೆಕೋಣೆಯಲ್ಲಿ ಅಕ್ಕ ಯಂತ್ರದ ಹಿಡಿಕೆ ತಿರುಗಿಸುತ್ತಿದ್ದಾರೆ. ಮೇಣದ ಅಚ್ಚಿನೊಳಗೆ ಇಲಿಯ ಲಿವರ್. ಒಂದೊಂದು ಸುತ್ತಿಗೂ ಬ್ಲೇಡಿನಿಂದ ಒಂದೊಂದು ಪದರ ಇಳಿಯುತ್ತದೆ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ. ಉಸಿರು ತಾಗಿದರೂ ಹಾರಿಹೋಗುವಂಥದ್ದು. ಅಷ್ಟರಲ್ಲಿ ಕಸ ಗುಡಿಸುವಾಕೆ ಒಳಬಂದವಳೇ ಫ್ಯಾನ್ ಹಾಕುತ್ತಾಳೆ.

"ಅಯ್ಯೋ ತಾಯಿ, ಆಫ್ ಮಾಡೇ! ಬೆಳಗಿನ ಕೆಲಸವೆಲ್ಲ ಗಾಳಿಪಾಲಾಯ್ತಲ್ಲೇ!"

"ಸೆಕೆ ಕಣಕ್ಕ."

"ನಂಗೇನು ಚಳಿಯಾ?"

ಸ್ವಿಚ್ಚಿನ ಮೇಲೆ ಅಕ್ಕನೇ ಅಂಟಿಸಿದ ಚೀಟಿಯಿದೆ: 'ಫ್ಯಾನ್ ಹಾಕಬೇಡಿ, ಲಿವರ್ ಹಾರುತ್ತೆ.' ಬಂದವರೆಲ್ಲ ಓದಿ, ನಕ್ಕು, ಫ್ಯಾನ್ ಹಾಕುತ್ತಾರೆ.

ಔಷಧಿ ಗಿಡಗಳ ರಸ ಲಿವರನ್ನು ಕಾಪಾಡುತ್ತದೆಯೇ ಎಂದು ಇಲ್ಲಿ ಪರೀಕ್ಷೆ ನಡೆಯುತ್ತದೆ. ಕೆಲವು ಇಲಿಗಳಿಗೆ ಮೊದಲು ನೆಲನೆಲ್ಲಿ ರಸ, ಆಮೇಲೆ ಲಿವರ್ ಕೆಡಿಸುವ ವಿಷ. ಉಳಿದವಕ್ಕೆ ಬರೀ ವಿಷ. ಎರಡೂ ಗುಂಪಿನ ಲಿವರನ್ನು ಕೊಯ್ದು, ಬಣ್ಣ ಹಚ್ಚಿ, ಗಾಜಿನ ಮೇಲೆ ಕೂರಿಸುವುದು ಅಕ್ಕನ ಕೆಲಸ. ದಿನಕ್ಕೆ ನಲವತ್ತು ಗಾಜು. ಅದನ್ನು ನೋಡಿ ವರದಿ ಬರೆಯುವವರು ಬೇರೆ, ಅದರಲ್ಲಿ ಹೆಸರು ಬರುವುದೂ ಅವರದ್ದೇ. ಪಕ್ಕದ ಆಸ್ಪತ್ರೆಯ ರೋಗಿಗಳ ಲಿವರಿನಿಂದ ಪರೀಕ್ಷೆಗೆ ತೆಗೆದ ಚೂರುಗಳೂ ಇದೇ ಮೇಜಿಗೆ ಬರುತ್ತವೆ.

ಆದರೆ ಅಕ್ಕನ ತಲೆ ಕೆಟ್ಟಿರುವುದು ಫ್ಯಾನಿನಿಂದಲ್ಲ, ಗೋಡೆಗೆ ಬಣ್ಣ ಬಳಿಯುವ ತಮ್ಮನಿಂದ. ಒಮ್ಮೆ ಊಟಕ್ಕೆ ಕೂತಾಗ ಅಕ್ಕ ಖುಷಿಯಲ್ಲಿ ಬಾಯಿಬಿಟ್ಟರು: "ರಸ ಕುಡಿದ ಇಲಿಗಳ ಲಿವರ್ ಎಷ್ಟು ಚೆನ್ನಾಗಿದೆ ಗೊತ್ತಾ!" ತಮ್ಮನ ಕಿವಿ ನೆಟ್ಟಗಾಯಿತು. ಅಂದಿನಿಂದ ಬೆಳಿಗ್ಗೆ ಒಂದು ಲೋಟ ನೆಲನೆಲ್ಲಿ ರಸ, ಸಂಜೆ ಮಾಮೂಲಿನಂತೆ ಬಾಟಲಿ. ಈಗ ಕಣ್ಣು ಹಳದಿಗಟ್ಟಿದೆ. ಕುಡಿತ ಬಿಡದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರೂ ಹೇಳಿಯಾಗಿದೆ.

"ಮೊದ್ಲು ರಸ, ಆಮೇಲೆ ವಿಷ. ನಿಮ್ಮ ಲೆಕ್ಕಾನೇ ಅಲ್ವೇನಕ್ಕ?" ಎನ್ನುತ್ತಾನೆ ಅವನು.

"ಇಲಿಗೆ ನಾವು ಹಿಡಿದು ಕುಡಿಸ್ತೀವಿ ಕಣೋ. ಅದೇನು ತಾನಾಗಿ ಅಂಗಡಿಗೆ ಹೋಗುತ್ತಾ?" ಎನ್ನುತ್ತಾರೆ ಇವರು. ಕೋಣನ ಮುಂದೆ ಕಿನ್ನರಿ.

ಇವತ್ತು ಅಕ್ಕ ಊಟದ ಡಬ್ಬಿ ಮರೆತಿದ್ದಾರೆ. ಕೆಲಸಕ್ಕೆ ಹೊರಟ ತಮ್ಮ ತಂದುಕೊಡುತ್ತಾನೆ. ಅವನ ರಟ್ಟೆ ಹಿಡಿದು ಮೈಕ್ರೋಸ್ಕೋಪಿನ ಮುಂದೆ ಕೂರಿಸುತ್ತಾರೆ.

"ಇದ್ಯಾವ್ದು?"

"ರಸ ಕುಡಿದಿದ್ದು."

"ನೋಡ್ದ್ಯಾ, ಚೆನ್ನಾಗೇ ಇದೆ! ಆರಾಮಾಗಿದ್ಯಾ ಆ ಇಲಿ?"

"ಅಯ್ಯೋ ಪೆದ್ದ, ಅದ್ರ ಲಿವರ್ ಇಲ್ಲಿದೆ, ಅದು ಎಲ್ಲಿ ಆರಾಮಾಗಿರುತ್ತೋ? ಚೆನ್ನಾಗಿದೆ ಅಂತ ನಮಗೆ ಗೊತ್ತಾಗಿದ್ದೇ ಅದನ್ನ ಸಾಯಿಸಿ ಹೊಟ್ಟೆ ಕೊಯ್ದ್ಮೇಲೆ. ನಿಂದೂ ಹಾಗೇ ನೋಡ್ಬೇಕಾ?"

ತಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯುತ್ತಾನೆ. ಹಣೆಯಲ್ಲಿ ಬೆವರು. ಎದ್ದು ಸ್ವಿಚ್ಚಿನ ಕಡೆ ಕೈ ಚಾಚಿದವನು ಚೀಟಿ ನೋಡುತ್ತಾನೆ, ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಫ್ಯಾನ್ ಹಾಕದೆ ಹೊರಗೆ ಹೋದ ಮೊದಲ ಮನುಷ್ಯ.

ಅಕ್ಕ ಮತ್ತೆ ಹಿಡಿಕೆ ಹಿಡಿದು ತಮಗೆ ತಾವೇ ಅಂದುಕೊಳ್ಳುತ್ತಾರೆ.

"ನನ್ನ ಹೆಸರು ಎಲ್ಲೂ ಬರೋದು ಬೇಡಪ್ಪ. ಕೈ ಇನ್ನೂ ನಡುಗಿಲ್ಲ, ಯಾರ ಚೂರು ಬಂದ್ರೂ ಹರಿಯದ ಹಾಗೆ ಕೊಯ್ತೀನಿ. ಇವನದ್ದೊಂದು ಈ ಮೇಜಿಗೆ ಬರದಿದ್ರೆ ಸಾಕು."